ಕೊನೆಯ ಸಾಲಿನ ಬೆಂಕಿ

ಕಾಡಿನ ಸುದ್ದಿಯನ್ನು ಮುತ್ತುಗದ ಎಲೆಯ ಮೇಲೆ ಕೊಕ್ಕಿನಿಂದ ಗೀಚಿ, ಹೊಳೆದಂಡೆಯ ಹೊಂಗೆಮರಕ್ಕೆ ತೂಗುಹಾಕುವ ಕೆಲಸ ಗೊರವಂಕಕ್ಕೆ ಸಿಕ್ಕಿ ವಾರವಾಗಿತ್ತಷ್ಟೆ. ಒಂದು ಮಧ್ಯಾಹ್ನ ಪಡುವಣ ಗುಡ್ಡದಲ್ಲಿ ಬೆಂಕಿ ಕಂಡು, ಹಕ್ಕಿ ಹಾರಿಬಂದು ಬರೆಯಲು ಕೂತಿತು. ಗುಡ್ಡದ ಚೆಲುವಿನಿಂದ ಶುರುಮಾಡಿತು, ಅಲ್ಲಿನ ಎಳೆಹುಲ್ಲನ್ನು ಮನಸಾರೆ ಬಣ್ಣಿಸಿತು, ಬೆಂಕಿಯ ಮಾತನ್ನು ಕೊನೆಯ ಸಾಲಿಗೆ ಇಟ್ಟು, ಎಲೆಯನ್ನು ಮರಕ್ಕೆ ತೂಗುಹಾಕಿತು.

ಸ್ವಲ್ಪ ಹೊತ್ತಿಗೆ ಮೊಲವೊಂದು ಕಿವಿ ಸುಟ್ಟುಕೊಂಡು ಓಡಿಬಂತು.

"ಎಳೆಹುಲ್ಲಿದೆ ಎಂದು ನೀನೇ ಬರೆದೆಯಲ್ಲ! ಅಷ್ಟು ಓದಿದ ಕೂಡಲೇ ಮರಿಗಳನ್ನು ಕರೆದುಕೊಂಡು ಹೋದೆ. ಒಂದು ಮರಿ ವಾಪಸು ಬರಲಿಲ್ಲ."

ಗೊರವಂಕ ಎಲೆಯತ್ತ ತಿರುಗಿತು. "ಬೆಂಕಿಯೆಂದೂ ಬರೆದಿದ್ದೆನಲ್ಲ..."

"ಎಲ್ಲಿ?"

"ಕೊನೆಯಲ್ಲಿ."

ಮೊಲ ಉಳಿದ ಮರಿಗಳತ್ತ ತಿರುಗಿ ಓಡಿತು.

ಕೆಲಸ ಕಲಿಸುತ್ತಿದ್ದ ಮುದಿ ಮರಕುಟಿಗ ಹೊಸ ಎಲೆಯೊಂದನ್ನು ಮುಂದಿಟ್ಟು, "ಬೆಂಕಿ ಇತ್ತಲೇ ಬರುತ್ತಿದೆ. ಈಗ ಬರಿ, ಅಳುವುದು ಆಮೇಲೆ" ಎಂದಿತು.

ಗೊರವಂಕ ಗೀಚಿ ತೂಗುಹಾಕಿತು: "ಪಡುವಣ ಗುಡ್ಡಕ್ಕೆ ಬೆಂಕಿ ಬಿದ್ದಿದೆ. ಈಗಲೇ ಹೊಳೆ ದಾಟಿ."

ಜಿಂಕೆಗಳು ಬಂದವು, ಕಾಡುಹಂದಿಗಳು ಬಂದವು. ಬರಹ ಚೆನ್ನಾಗಿದೆ ಎನ್ನಲು ಯಾರೂ ನಿಲ್ಲಲಿಲ್ಲ. ಓದಿದವರೆಲ್ಲ ಆಗಲೇ ನೀರಿಗಿಳಿದಿದ್ದರು.