ಹಳದಿ ಮೀನೂ ಕೊಳಕು ಸ್ಪಂಜೂ

ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಮೆರೆಯುತ್ತಿದ್ದ ಹಳದಿ ಹವಳಮೀನಿಗೆ ಫಿಲ್ಟರಿನ ಕಂದು ಸ್ಪಂಜನ್ನು ಕಂಡರೆ ಮೈಯೆಲ್ಲ ಉರಿ.

"ಸಮುದ್ರದ ಕುಲೀನ ನಾನು. ನನ್ನ ಮನೆಯಲ್ಲಿ ಈ ಕೊಳಕೇ? ಇದನ್ನು ತೊಳೆಯುವ ತನಕ ಊಟ ಮುಟ್ಟಲಾರೆ!"

"ನಾನು ಕೊಳಕಾಗಿರುವುದಕ್ಕೇ ತಾವು ಚೊಕ್ಕಟವಾಗಿದ್ದೀರಿ, ಸ್ವಾಮೀ," ಎಂದಿತು ಸ್ಪಂಜು.

ಕೇಳುವವರು ಯಾರು? ಮೀನು ಸೊರಗಿದ್ದು ಕಂಡ ಯಜಮಾನಿ ಭಾಗೀರಥಮ್ಮ, ಕೊಳೆಯೇ ಕಾರಣವೆಂದುಕೊಂಡು, ಸ್ಪಂಜನ್ನು ಬಚ್ಚಲಿಗೆ ಒಯ್ದು, ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ ತಂದಿಟ್ಟರು. ಮೀನು ಗಡದ್ದಾಗಿ ಉಂಡಿತು, ಉಂಡಷ್ಟೇ ಹೇತಿತು.

ಮೂರನೇ ದಿನ ಅದು ಬಾಯಿ ಬಾಯಿ ಬಿಡುತ್ತ ಸ್ಪಂಜಿಗೆ ಅಡ್ಡಬಿದ್ದಿತು. "ನೀರೆಲ್ಲ ವಿಷವಾಗಿದೆ, ಏನಾದರೂ ಮಾಡಪ್ಪಾ!"

"ಆ ವಿಷ ತಮ್ಮದೇ ಹೇಲು, ಸ್ವಾಮೀ. ಇಷ್ಟು ದಿನ ನನ್ನ ಕೊಳೆಯಲ್ಲಿದ್ದ ಕ್ರಿಮಿಗಳು ಅದನ್ನು ತಿಂದು ಅರಗಿಸುತ್ತಿದ್ದವು," ಎಂದಿತು ಸ್ಪಂಜು. "ಈಗ ನಾನು ಮಡಿಯಲ್ಲಿದ್ದೇನೆ. ಅದನ್ನೆಲ್ಲ ಮುಟ್ಟುವ ಹಾಗಿಲ್ಲ."