ಸೊಟ್ಟ ದೋಣಿಯ ಆಟ

ಹೇಮಾವತಿ ದಂಡೆಯಲ್ಲಿ ನಿರ್ವಾಣಮ್ಮನವರ ಆಶ್ರಮ. ಅಲ್ಲಿ ಜಪಕ್ಕಿಂತ ಕಸ ಗುಡಿಸುವುದೇ ಹೆಚ್ಚು.

ಒಂದು ಬೆಳಿಗ್ಗೆ ಶಿಷ್ಯ ಇಂದುಧರ ಲ್ಯಾಪ್‌ಟಾಪ್ ಹಿಡಿದು ಅವರ ಮುಂದೆ ಬಂದು ಕೂತ. ಅವನು ಹುಡುಗನಾಗಿದ್ದಾಗಿನಿಂದ ಕೂಡಿಟ್ಟ ವಿಡಿಯೊ ಗೇಮ್‌ಗಳೆಲ್ಲ ಅದರಲ್ಲಿದ್ದವು. ಒಟ್ಟು ನೂರ ನಲವತ್ತು.

"ಅಮ್ಮಾ, ಎಲ್ಲ ಜೋಡಿಸಿ ಮುಗಿಸಿದೆ. ಪ್ರತಿ ಆಟಕ್ಕೂ ಮುಖಚಿತ್ರ ಹಾಕಿದ್ದೀನಿ. ಹೆಸರು, ಮಾಡಿದವರು ಯಾರು, ಬಂದ ವರ್ಷ, ಕೊನೆಯ ಸಲ ಆಡಿದ ದಿನ, ಒಂದೂ ತಪ್ಪಿಲ್ಲ. ಆದರೂ ಮನಸ್ಸು ನಿಲ್ಲುತ್ತಿಲ್ಲ."

ನಿರ್ವಾಣಮ್ಮನವರು ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸದೆ ಪರದೆಯ ಕಡೆ ನೋಡಿದರು.

"ಮದುವೆ ಆಲ್ಬಮ್ ಇದ್ದಂಗಿದೆ. ಈ ಮೂಲೇಲಿ ಇದೇನು? ದೋಣಿಯೋ, ಸೋರೆಕಾಯಿಯೋ?"

"ದೋಣಿ. ನನ್ನ ತಂಗಿ ಸುಗುಣ ಬರೆದದ್ದು."

"ಮಿಕ್ಕಿದ್ದೆಲ್ಲ ಥಳಥಳ ಅಂತಿದೆ. ಇದೊಂದು ಯಾಕೆ ಸೊಟ್ಟ?"

ಇಂದುಧರ ತಲೆ ತಗ್ಗಿಸಿದ.

"ಮೊದಲು ಎಲ್ಲಕ್ಕೂ ಅವಳ ಚಿತ್ರಗಳೇ ಇದ್ದವು ಅಮ್ಮಾ. ಇದನ್ನು ಮನೆಯಲ್ಲೇ ಬಿಟ್ಟು ನಾನು ನಾಲ್ಕು ತಿಂಗಳು ಬೇರೆ ಊರಿಗೆ ಹೋಗಿದ್ದೆ. ಅಷ್ಟರಲ್ಲಿ ನಾನು ಹಾಕಿದ್ದ ಒಳ್ಳೆಯ ಚಿತ್ರಗಳನ್ನು ತೆಗೆದುಹಾಕಿ, ಕಂಪ್ಯೂಟರಿನಲ್ಲೇ ತಾನು ಬರೆದದ್ದನ್ನು ಹಾಕಿದ್ದಳು. ಬಂದು ನೋಡಿ ರೇಗಿಬಿಟ್ಟೆ. ಅವಳನ್ನು ಎದುರಿಗೆ ಕೂರಿಸಿಕೊಂಡು ಒಂದೊಂದಾಗಿ ಅಳಿಸಿದೆ."

"ಎಷ್ಟು?"

"ನೂರ ಮೂವತ್ತೊಂಬತ್ತು."

"ಬೆರಳು ನೋಯಲಿಲ್ವಾ?"

ಇಂದುಧರ ಬೆರಳುಗಳನ್ನು ಮಡಿಲಿಗೆ ಎಳೆದುಕೊಂಡ.

"ಇದೊಂದನ್ನ ಯಾಕೆ ಬಿಟ್ಟೆ? ಕರುಣೆನಾ?"

"ಅಲ್ಲ ಅಮ್ಮಾ. ಅಷ್ಟು ಹೊತ್ತಿಗೆ ಅವಳು ಎದ್ದು ಹೋಗಿದ್ದಳು. ನೋಡುವವರೇ ಇಲ್ಲದ ಮೇಲೆ ಅಳಿಸೋಕೆ ಮನಸ್ಸು ಬರಲಿಲ್ಲ."

"ಇದು ನಿಜ ಹೇಳಿದೆ. ಆಮೇಲೆ?"

"ಮಾರನೆಯ ದಿನ ನರ್ಸಿಂಗ್ ಓದೋಕೆ ಹಾಸ್ಟೆಲಿಗೆ ಹೊರಟುಹೋದಳು. ಮೂರು ವರ್ಷ ಆಯಿತು. ಮಾತಿಲ್ಲ."

"ಈ ಆಟ ಆಡಿದ್ದೀಯಾ?"

"ಇಬ್ಬರೂ ಸೇರಿ ಆಡುತ್ತಿದ್ದದ್ದು ಇದು. ಕೊನೆಯ ಸಲ ಆಡಿದ ದಿನ ನೋಡಿ, ಅವಳು ಹೊರಟ ದಿನವೇ. ನಾನು ಏಳುವ ಮೊದಲೇ ಒಬ್ಬಳೇ ತೆರೆದಿದ್ದಾಳೆ. ಈಗ ನಾನು ತೆರೆದರೆ ಆ ದಿನಾಂಕ ಹೋಗಿ ಇವತ್ತಿನದು ಬರುತ್ತೆ. ಅವಳದು ಅಂತ ನನ್ನ ಹತ್ತಿರ ಉಳಿದಿರೋದು ಈ ಚಿತ್ರ, ಈ ದಿನಾಂಕ, ಇಷ್ಟೇ. ಅದಕ್ಕೇ ಮುಟ್ಟಿಲ್ಲ."

ನಿರ್ವಾಣಮ್ಮನವರು ಸೆರಗಿಗೆ ಕೈ ಒರೆಸಿಕೊಂಡರು. ಪರದೆಯ ಮೇಲಿನ ಬಾಣ ಸೊಟ್ಟ ದೋಣಿಯ ಮೇಲೇ ಇತ್ತು.

ಒತ್ತಿಬಿಟ್ಟರು.

ಇಂದುಧರ ಅವರ ಕೈ ಹಿಡಿಯಲು ಹೋದ. ತಡವಾಗಿತ್ತು.

"ಅಮ್ಮಾ, ದಿನಾಂಕ ಹೋಯಿತು."

"ಹೋಗಲಿ ಬಿಡು. ದಿನ ನೋಡಬೇಕಾದರೆ ಅಡುಗೆಮನೆ ಗೋಡೇಲಿ ಕ್ಯಾಲೆಂಡರ್ ಇದೆ. ಇಲ್ಲಿ ಏನು ಕಾಣ್ತಿದೆ ಹೇಳು."

ಪರದೆಯ ತುಂಬ ಚೌಕ ಚೌಕ ಗೆರೆ ಹಾಕಿದ ನದಿ. ಒಂದು ಕೆಂಪು ದೋಣಿ, ಒಂದು ನೀಲಿ ದೋಣಿ.

ಇಂದುಧರ ಮುಂದಕ್ಕೆ ಬಾಗಿದ.

"ಕೆಂಪು ಅವಳದು, ನೀಲಿ ನನ್ನದು. ಒಬ್ಬರಾದ ಮೇಲೆ ಒಬ್ಬರು ನಡೆಸಬೇಕು, ಆಟ ಬಿಟ್ಟಲ್ಲೇ ನಿಂತಿರುತ್ತೆ. ಅವಳು ನನಗೆ ಅಡ್ಡ ನಿಂತು ದಾರಿ ಕಟ್ಟಿದ್ದಳು. ನಾನು ಆ ಊರಿಗೆ ಹೋಗುವ ಮೊದಲು ಎಷ್ಟು ಬೇಡಿಕೊಂಡರೂ ಬಿಟ್ಟಿರಲಿಲ್ಲ."

"ಈಗ?"

ಅವನು ಕೆಂಪು ದೋಣಿಯ ಮೇಲೆ ಬೆರಳಿಟ್ಟ.

"ಪಕ್ಕಕ್ಕೆ ಸರಿದಿದ್ದಾಳೆ."

"ಯಾವತ್ತು ಸರಿದಳು?"

"ಹೊರಟ ದಿನ. ನಾನು ಅಳಿಸಿದ ಮಾರನೆಯ ಬೆಳಿಗ್ಗೆ."

"ಈಗ ಯಾರ ಸರದಿ?"

ಪರದೆಯ ಕೆಳಗಡೆ ಒಂದು ಸಾಲು ಮಿನುಗುತ್ತಿತ್ತು. ಎರಡನೆಯ ಆಟಗಾರನ ಸರದಿ ಎಂದು.

"ನನ್ನದು," ಎಂದ. "ಮೂರು ವರ್ಷದಿಂದ ನನ್ನದೇ."

ನೀಲಿ ದೋಣಿಯನ್ನು ಒಂದು ಚೌಕ ಮುಂದೆ ನಡೆಸಿದ. ಸಾಲು ಬದಲಾಯಿತು.

"ಅಮ್ಮಾ, ಇನ್ನು ಅವಳ ಸರದಿ. ಅವಳು ಇಲ್ಲಿಲ್ಲವಲ್ಲ."

ನಿರ್ವಾಣಮ್ಮನವರು ಮತ್ತೆ ಅವರೆಕಾಯಿ ಕೈಗೆತ್ತಿಕೊಂಡರು.

"ಅವಳ ಹಾಸ್ಟೆಲ್ ಕಡೆಗೆ ಹತ್ತು ಗಂಟೆಗೆ ಬಸ್ಸಿದೆ. ಹೋಗ್ತಾ ಬಿಳಿ ಹಾಳೆ ತಗೊಂಡು ಹೋಗು. ನೂರ ಮೂವತ್ತೊಂಬತ್ತು."