ಎರಡು ಪರದೆಯ ಮೇಲೆ ಒಂದೇ ನೀರು

"ಗುರುಗಳೇ, ಒಂದೇ ಮಾತನ್ನು ಇಬ್ಬರು ಹೇಳಿದರೆ ನಂಬಬಹುದಲ್ಲವೇ?" ಎಂದು ಶಿಷ್ಯ ಕೇಳಿದ.

ಯಾವ ಮಾತು ಎಂದು ಗುರುಗಳು ವಿಚಾರಿಸಿದರು. ಶಿಷ್ಯ ಹಿಂದೆಮುಂದೆ ನೋಡಿ ಬಾಯಿಬಿಟ್ಟ. ಜೊತೆಯಲ್ಲಿ ಓದುವ ಶಂಭುಲಿಂಗ ತನ್ನನ್ನು ಬೆನ್ನ ಹಿಂದೆ ಹೀನಾಯವಾಗಿ ಆಡಿಕೊಂಡನಂತೆ. ಒಬ್ಬ ಬೆಳಿಗ್ಗೆ ಬಂದು ಹೇಳಿದ, ಇನ್ನೊಬ್ಬ ಸಂಜೆ ಬಂದು ಹೇಳಿದ. ಇಬ್ಬರ ಮಾತಿನಲ್ಲೂ ಒಂದಕ್ಷರದ ವ್ಯತ್ಯಾಸವಿರಲಿಲ್ಲ. ಅಂದಿನಿಂದ ತಾನು ಶಂಭುಲಿಂಗನ ಜೊತೆ ಮಾತು ಬಿಟ್ಟಿರುವುದಾಗಿಯೂ, ಊಟದ ಪಂಕ್ತಿಯಲ್ಲಿ ದೂರ ಕೂರುತ್ತಿರುವುದಾಗಿಯೂ ಹೇಳಿದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೂತುಕೋ ಎಂದು ಹೇಳಿ, ಈ ಕತೆ ಹೇಳಿದರು.

ಒಂದು ಚಿಕ್ಕ ಜಲಾಶಯವಿತ್ತು. ಅದರ ನೀರನ್ನು ಕಾಯಲು ಇಬ್ಬರು ನೌಕರರು. ಹಿರಿಯರು ಜೈನುದ್ದೀನ್ ಸಾಹೇಬರು, ಕಿರಿಯವನು ರೇವಣಸಿದ್ಧ. ರೇವಣಸಿದ್ಧ ಕೆಲಸಕ್ಕೆ ಸೇರಿ ಎರಡೇ ವರ್ಷವಾಗಿತ್ತು. ಮಳೆಗಾಲ ಬಂತೆಂದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಕೆಳಗೆ ಹೊಳೆಯ ದಂಡೆಯಲ್ಲಿ ಕುರಿಗಾರರು ಬೀಡುಬಿಟ್ಟಿರುತ್ತಿದ್ದರು. ಗೇಟು ಎತ್ತುವುದಕ್ಕೆ ಒಂದು ಗಂಟೆ ಮುಂಚೆ ಸೈರನ್ ಕೂಗಿಸಬೇಕು. ಅಷ್ಟು ಹೊತ್ತು ಸಿಕ್ಕರೆ ಅವರು ಕುರಿ ಹೊಡೆದುಕೊಂಡು ದಿಬ್ಬ ಹತ್ತಬಲ್ಲರು. ತನ್ನ ಕಣ್ಣು ತಪ್ಪಿದರೆ ಅವರ ಗತಿಯೇನು ಎಂಬುದೇ ಅವನ ಚಿಂತೆ.

ಜಲಾಶಯದಲ್ಲಿ ಇಳಿಬಿಟ್ಟ ಕೊಳವೆಯೊಳಗೆ ಒಂದು ತೇಲುಗುಂಡು ಇತ್ತು. ಅದು ಏರಿ ಇಳಿದಂತೆ ನೀರಿನ ಮಟ್ಟ ಕೋಣೆಯ ಕಂಪ್ಯೂಟರಿನಲ್ಲಿ ಮೂಡುತ್ತಿತ್ತು. ಇದ್ದದ್ದು ಒಂದೇ ಮಾನಿಟರ್, ಅದು ರೇವಣಸಿದ್ಧನ ಮೇಜಿನ ಮೇಲೆ. ಆ ವರ್ಷ ಮಳೆಗೆ ಮುಂಚೆ ಮೇಲಿನ ಕಚೇರಿಯವರು ಎರಡನೆಯ ಮಾನಿಟರ್ ಕಳಿಸಿದರು. ಅಣೆಕಟ್ಟಿನ ಗೋಡೆಯ ಮೇಲೆ ಬರೆದ ಅಳತೆಯ ಗೆರೆಗಳನ್ನು ತೋರಿಸಲು ಒಂದು ಕ್ಯಾಮೆರಾ ಇತ್ತು. ಅದರ ಚಿತ್ರವನ್ನು ಹೊಸ ಮಾನಿಟರಿನಲ್ಲಿ ಇಟ್ಟುಕೊಂಡು, ಯಂತ್ರ ಹೇಳಿದ್ದನ್ನು ಕಣ್ಣಿನಿಂದ ತಾಳೆ ನೋಡಬೇಕೆಂದು ಆದೇಶವಾಗಿತ್ತು.

ರೇವಣಸಿದ್ಧ ಮೇಜಿನಡಿ ತೂರಿ ಸಿಪಿಯು ಡಬ್ಬವನ್ನು ತಿರುಗಿಸಿದ. ಹಿಂಬದಿಯ ಒಂದು ಕಿಂಡಿಯಲ್ಲಿ ಹಳೆಯ ಕೇಬಲ್ ಸ್ಕ್ರೂ ಬಿಗಿದು ಕೂತಿತ್ತು. ಹೊಸ ಕೇಬಲ್ಲಿನ ಚಪ್ಪಟೆ ಮೂತಿಯನ್ನು ಪಕ್ಕದ ಕಿಂಡಿಗೆ ತಳ್ಳಿದ. ಸಿಗ್ನಲ್ ಇಲ್ಲ ಎಂದು ಬಂತು. ಕಿತ್ತು, ಊದಿ, ಮತ್ತೆ ತಳ್ಳಿದ. ಈಗ ಕಂಪ್ಯೂಟರು ಅವನನ್ನೇ ಕೇಳಿತು: ಎರಡರಲ್ಲೂ ಒಂದೇ ಚಿತ್ರ ಬೇಕೋ, ಬೇರೆ ಬೇರೆ ಬೇಕೋ? ಬೇರೆ ಬೇರೆ ಎಂದು ಒತ್ತಿದ. ಹೊಸ ಮಾನಿಟರಿನ ತುಂಬ ಬರಿಯ ನೀಲಿ ಬಣ್ಣ. ಅಂಕಿಯಿಲ್ಲ, ಅಕ್ಷರವಿಲ್ಲ. ಮೌಸಿನ ಬಾಣ ಹಳೆಯ ಪರದೆಯ ಅಂಚಿಗೆ ಹೋಗಿ ಮಾಯವಾಯಿತು. ಇದ್ದದ್ದನ್ನೂ ಕೆಡಿಸಿಬಿಟ್ಟೆನೇ ಎಂದು ಹೆದರಿದ. ಆ ಖಾಲಿ ಜಾಗಕ್ಕೆ ಕ್ಯಾಮೆರಾದ ಚಿತ್ರವನ್ನು ತಾನೇ ಎಳೆದು ತರಬೇಕೆಂದು ಅವನಿಗೆ ತಿಳಿಯದು. ಗಡಿಬಿಡಿಯಲ್ಲಿ, ಒಂದೇ ಚಿತ್ರ ಸಾಕು ಎಂದು ಒತ್ತಿದ. ಎರಡೂ ಪರದೆಯ ಮೇಲೆ ನೀರಿನ ಮಟ್ಟ ಮೂಡಿತು. ಹೋದ ಜೀವ ಬಂದಂತಾಯಿತು, ಕ್ಯಾಮೆರಾದ ಮಾತು ಮರೆತೇಹೋಯಿತು. ಹೊಸದನ್ನು ಸಾಹೇಬರ ಮೇಜಿನ ಕಡೆಗೆ ತಿರುಗಿಸಿಟ್ಟ. ಮಂಡಿನೋವಿನ ಸಾಹೇಬರು, ಇನ್ನು ಎದ್ದು ಬಂದು ನೋಡುವುದು ತಪ್ಪಿತೆಂದು ಹಿಗ್ಗಿದರು.

ಅಂದಿನಿಂದ ಗಂಟೆಗೊಮ್ಮೆ ರೇವಣಸಿದ್ಧ ಅಂಕಿ ಓದುತ್ತಿದ್ದ. ಸಾಹೇಬರು ತಮ್ಮ ಪರದೆ ನೋಡಿ ಹೌದೆನ್ನುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ. ರೇವಣಸಿದ್ಧನಿಗೆ ಊಟ ಸೇರತೊಡಗಿತು.

ಶ್ರಾವಣದ ಒಂದು ದಿನ ಬೆಳಗಿನಿಂದಲೇ ಮಳೆ ಹಿಡಿದಿತ್ತು. ಮಟ್ಟ ಐವತ್ತೆರಡು ಅಡಿ ಮೂರು ಅಂಗುಲ. ಐವತ್ತೇಳಕ್ಕೆ ಗೇಟು ಎತ್ತಬೇಕು. ಅರವತ್ತು ದಾಟಿದರೆ ಅಣೆಕಟ್ಟಿಗೇ ಅಪಾಯ. ಮಧ್ಯಾಹ್ನದ ಹೊತ್ತಿಗೆ, ಜಲಾಶಯದಲ್ಲಿ ಮೀನು ಹಿಡಿಯುವ ದುರ್ಗಪ್ಪ ತೊಯ್ದುಕೊಂಡು ಬಂದು ಬಾಗಿಲಲ್ಲಿ ನಿಂತ.

"ಸಾಹೇಬ್ರ, ನಾ ಹರಿಗೋಲು ಕಟ್ಟೋ ಕಲ್ಲು ಮುಳುಗೇತ್ರಿ. ನೀರು ಒಂದ ಸವನ ಏರಾಕ ಹತ್ತೇತಿ."

ರೇವಣಸಿದ್ಧ ಪರದೆ ನೋಡಿದ. ಐವತ್ತೆರಡು ಅಡಿ ಮೂರು ಅಂಗುಲ. ತನ್ನ ಮಾನಿಟರ್ ಕೆಟ್ಟಿರಬಹುದೆಂದುಕೊಂಡ. ಸಾಹೇಬರ ಕಡೆ ತಿರುಗಿದ.

"ನಿಮ್ಮದರಾಗ ಎಷ್ಟೈತ್ರಿ?"

"ನಿನ್ನದರಾಗ ಎಷ್ಟೈತೋ ಅಷ್ಟ ಐತಿ. ಎರಡೂ ಕೂಡಿ ಸುಳ್ಳು ಹೇಳ್ತಾವೇನು?"

ದುರ್ಗಪ್ಪ ಹರಿಗೋಲು ಉಳಿಸಿಕೊಳ್ಳಲು ಹೋದ. ರೇವಣಸಿದ್ಧ ಕುರ್ಚಿಯಲ್ಲಿ ಕೂತ. ಕೂತಲ್ಲಿ ಕೂರಲಾಗಲಿಲ್ಲ. ಬೆಳಗಿನಿಂದ ಆರು ಸಲ ಅಂಕಿ ಓದಿದ್ದು ನೆನಪಾಯಿತು. ಆರು ಸಲವೂ ಮೂರೇ ಅಂಗುಲ. ಬೇಸಿಗೆಯಲ್ಲೂ ಅಂಗುಲ ಅತ್ತಿತ್ತ ಆಗುತ್ತದೆ, ಈ ಮಳೆಯಲ್ಲಿ ಯಾಕೆ ಅಲುಗಲಿಲ್ಲ? ತನ್ನ ಪರದೆ ನೋಡಿದ, ಸಾಹೇಬರ ಪರದೆ ನೋಡಿದ, ಮತ್ತೆ ತನ್ನದನ್ನು ನೋಡಿದ. ಹೊಂದಿಕೆಯಾದಷ್ಟೂ ಧೈರ್ಯ ಬರಬೇಕಾಗಿತ್ತು. ಬರಲಿಲ್ಲ. ಗೋಡೆಯ ತನಕ ಹೋಗಿ ಬರುವುದಾಗಿ ಹೇಳಿ ಎದ್ದ. ಇಬ್ಬರು ನೋಡಿದ ಮೇಲೂ ಮಳೆಯಲ್ಲಿ ನೆನೆಯುವುದೇಕೆ ಎಂದು ಸಾಹೇಬರು ಗೊಣಗಿದರು. ಅವನು ಕೊಡೆಯನ್ನೂ ತೆಗೆದುಕೊಳ್ಳದೆ ಓಡಿದ.

ಗೋಡೆಯ ಮೇಲಿನ ಐವತ್ತೆಂಟರ ಗೆರೆ ಕಾಣಲಿಲ್ಲ. ಐವತ್ತೊಂಬತ್ತರ ಗೆರೆಗೆ ಅಲೆ ಬಡಿಯುತ್ತಿತ್ತು.

ಅವನು ಓಡಿ ಬಂದು ಸೈರನ್ ಒತ್ತಿದ. ಒಂದು ಗಂಟೆ ಕಾಯುವಂತಿರಲಿಲ್ಲ. ಅರ್ಧ ಗಂಟೆ ಕಾದರು. ಅಷ್ಟು ಕಾದದ್ದೇ ಹೆಚ್ಚು. ಅಣೆಕಟ್ಟಿನ ಮೇಲಿಂದ ನೋಡಿದರೆ ಕೆಳಗೆ ಕುರಿಗಾರರು ಇರುವೆಗಳ ಹಾಗೆ ದಿಬ್ಬ ಹತ್ತುತ್ತಿದ್ದರು. ಯಾರೋ ಒಬ್ಬರು ಹಿಂದಕ್ಕೆ ಓಡಿದಂತೆ ಕಂಡಿತು. ಅವರು ಮತ್ತೆ ಮೇಲೆ ಬರುವ ತನಕ ರೇವಣಸಿದ್ಧ ಗೇಟಿಗೆ ಕೈ ಹಾಕಲಿಲ್ಲ. ಗೇಟು ಎತ್ತಿದರು.

ಮನುಷ್ಯರೆಲ್ಲ ಉಳಿದರು. ದೊಡ್ಡ ಕುರಿಗಳು ಉಳಿದವು. ಬಲೆ ಕಟ್ಟಿ ಕೂಡಿಹಾಕಿದ್ದ ಎಳೆಯ ಮರಿಗಳನ್ನು ಬಿಡಿಸಲು ಹೊತ್ತು ಸಾಲಲಿಲ್ಲ. ಅವು ಹೊಳೆಯ ಪಾಲಾದವು.

ಮರುದಿನ ರಿಪೇರಿಯವನು ಬಂದು ಕೊಳವೆ ಬಿಚ್ಚಿದ. ಕೆಸರು, ಜೊಂಡು ಸಿಕ್ಕಿ ತೇಲುಗುಂಡು ಕಚ್ಚಿಕೊಂಡಿತ್ತು; ಎರಡೂ ಪರದೆ ತೋರಿಸಿದ್ದು ಆ ಒಂದೇ ಗುಂಡಿನ ಅಂಕಿಯನ್ನು. ಅವನಿನ್ನೂ ಕೈ ತೊಳೆಯುತ್ತಿದ್ದಾಗ ಕುರಿಗಾರರ ಹಿರಿಯಳು ಕೆಂಚವ್ವ ದಿಬ್ಬ ಹತ್ತಿ ಬಂದಳು. ಬಯ್ಯಲಿಲ್ಲ, ಅಳಲಿಲ್ಲ. ಕೋಣೆಯೊಳಗಿನ ಎರಡು ಮಾನಿಟರುಗಳನ್ನು ನೋಡಿದಳು.

"ನೀರು ನೋಡಾವ್ರು ಯಾರೂ ಇರಲಿಲ್ಲೇನಪ್ಪಾ?" ಎಂದು ಕೇಳಿದಳು.

"ಇಬ್ಬರಿದ್ದಿವಿ, ಯವ್ವಾ," ಎಂದ ರೇವಣಸಿದ್ಧ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಸಾಹೇಬರೂ ತಲೆ ಎತ್ತಲಿಲ್ಲ. ಅವಳು ಬಂದ ದಾರಿಯಲ್ಲೇ ಇಳಿದು ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಅವರಿಬ್ಬರಲ್ಲಿ ತಪ್ಪು ಯಾರದು ಎಂದು ಶಿಷ್ಯ ಕೇಳಿದ.

"ಶಂಭುಲಿಂಗನ ಕೋಣೆ ಇಲ್ಲಿಂದ ಎಷ್ಟು ಹೆಜ್ಜೆ?" ಎಂದರು ಗುರುಗಳು.

ಶಿಷ್ಯ ಎದ್ದು ಶಂಭುಲಿಂಗನ ಕೋಣೆಯ ಕಡೆಗೆ ನಡೆದ.